ಹೋದ ವರ್ಷದ ಕೂಗು

ನಮ್ಮೂರ ಪಕ್ಕದ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು ನಮ್ಮ ಕೂಗನ್ನು ಒಂದು ವರ್ಷ ಇಟ್ಟುಕೊಂಡು ಆಮೇಲೆ ಹಿಂದಿರುಗಿಸುತ್ತವೆ. ದೂಮಪ್ಪನ ಕೂಗೋ, ಏಳು ಕಣಿವೆಯಾಚೆಯ ಕಾಡುಕೋಣವೂ ಬೆಚ್ಚಿ ಓಡಬೇಕು! ಹೋದ ವರ್ಷ ಇದೇ ದಿನ ಅವನೂ ಹೆಂಡತಿ ಸೇಸಮ್ಮನೂ ಅಲ್ಲಿನ ಒಂದು ಬೆಟ್ಟದ ನೆತ್ತಿಯಲ್ಲಿ ಟೆಂಟ್ ಹಾಕಿ, ಒಟ್ಟಿಗೇ ಕೂಗಿದ್ದರು. ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅವಳ ದನಿಗಾಗಿ ಅವನೀಗ ಮುಗಿಲಿಗೆ ತಲೆ ತಾಗುವ ಏರನ್ನು ಒಬ್ಬನೇ ಹತ್ತಿದ್ದ.

"ಸುಮ್ನೆ ಕೂತ್ಕೊಳ್ಳಿ ದೂಮಣ್ಣ, ಕೂಗು ವಾಪಸ್ ಬರೋದು ಒಂದೇ ಸಲ," ಎಂದ ನೆತ್ತಿಯಲ್ಲಿ ಕಾವಲಿದ್ದ ಗಾರ್ಡ್ ಈರಯ್ಯ.

ಬೆಟ್ಟ ಬಾಯಿಬಿಟ್ಟಿತು: "ನಾನು ದೂಮಪ್ಪಾ! ನನ್ನ ಸಮ ಯಾರಿದ್ದೀರೋ?"

ಆ ಅಬ್ಬರದಡಿ ಹೆಣ್ಣುದನಿಯೊಂದು ಏನೋ ಹೇಳುತ್ತಿತ್ತು.

"ಬಾಯಿ ಮುಚ್ಚೋ ದೂಮಪ್ಪಾ!" ಎಂದು ಅವನು ಬೆಟ್ಟದತ್ತ ಕಿರುಚಿದ. ಆ ಕಿರುಚಾಟದಲ್ಲಿ ಅವಳ ಉಳಿದ ಮಾತೂ ಮುಳುಗಿತು.

"ಅಯ್ಯೋ ಅಣ್ಣ," ಎಂದ ಈರಯ್ಯ, "ಮುಂದಿನ ವರ್ಷ ನಿಮಗೆ ಕೇಳೋದು ಇದೇ."