ಒಂದರ ಮೇಲೊಂದು ಗೆರೆ

ಮಹಾನಂದಾಳ ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಎತ್ತರ ಗೊತ್ತಿರಲಿಲ್ಲ. ಊರನ್ನು ಅದು ಮೇಲಿನಿಂದಷ್ಟೇ ನೋಡುತ್ತಿತ್ತು. ಅವಳು ಗೆರೆ ಎಳೆದರೆ ಓಣಿಯಲ್ಲಿ ಗೋಡೆ ಏಳುತ್ತಿತ್ತು, ಅಳಿಸಿದರೆ ಸದ್ದಿಲ್ಲದೆ ಮಾಯವಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಫೈಲು ಹಗುರ ಮಾಡಲೆಂದು, ಒಂದರ ಮೇಲೊಂದು ಕೂತ ಜೋಡಿ ಗೆರೆಗಳಲ್ಲಿ ಒಂದೊಂದನ್ನು ತೆಗೆಸಿ ಸೇವ್ ಮಾಡಿದಳು. ಸೇವ್ ಆದದ್ದು ಹಿಂದಕ್ಕೆ ಬರುವಂತಿರಲಿಲ್ಲ.

ಹತ್ತು ಗಂಟೆಗೆ ಈರಪ್ಪನೂ ಅವನ ತಮ್ಮ ಗದಿಗೆಪ್ಪನೂ ಕಚೇರಿಗೆ ಬಂದರು. ಪಾಲಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಬರಬಾರದೆಂದು ಅವರು ಕೆಳಗೊಂದು, ಮೇಲೊಂದು, ಅಚ್ಚೊತ್ತಿದಂಥ ಎರಡು ಮನೆ ಅವಳಿಂದ ಬರೆಸಿಕೊಂಡಿದ್ದರು. ಈಗ ಒಂದೇ ಉಳಿದಿತ್ತು. ಎರಡೂ ಸಂಸಾರಗಳ ಪಾತ್ರೆ, ಹಾಸಿಗೆ ಅದರೊಳಗೆ ರಾಶಿ ಬಿದ್ದಿದ್ದವು.

“ಹೋದದ್ದು ಮ್ಯಾಲಿಂದು, ಇವಂದು,” ಎಂದ ಈರಪ್ಪ.

“ಹೆಂಗ ಹೇಳ್ತಿ ಅಣ್ಣಾ? ನಿಂದು ಹೋಗಿ ನಂದು ಕೆಳಗ ಇಳಿದಿರಬೇಕು. ಅಕ್ಕಾರ್ನ ಕೇಳು.”

ಮಹಾನಂದಾ ಪರದೆಯ ಮೇಲೆ ಮನೆಯನ್ನು ಹಿಗ್ಗಿಸಿ ನೋಡಿದಳು. ಗೆರೆಗಳಿಗೆ ಹೆಸರಿರಲಿಲ್ಲ. ತಾನು ಯಾರ ಮನೆ ಅಳಿಸಿದೆ ಎಂಬುದು ಅವಳಿಗೇ ಹೊಳೆಯಲಿಲ್ಲ.

“ನನಗೂ ತಿಳೀವಲ್ದ್ರೀ. ಇದನ್ನ ಕಾಪಿ ಮಾಡಿ ಮ್ಯಾಲ ಇಡ್ತೀನಿ. ಯಾರ ಮನಿ ಹೋಗೇತಿ, ಅವರು ಇಲ್ಲಿ ಸಹಿ ಹಾಕ್ರಿ.”

“ಕಾಪಿ ಮನಿ ಅವಗ ಕೊಡ್ರಿ,” ಎಂದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಸಂಜೆಯವರೆಗೆ ಯಾರೂ ಪೆನ್ನು ಮುಟ್ಟಲಿಲ್ಲ. ಸಹಿಯಿಲ್ಲದೆ ಹೊಸ ಗೆರೆ ಎಳೆಯುವಂತಿರಲಿಲ್ಲ. ಮಾಲೀಕರ ಹೆಸರಿನ ಜಾಗ ಖಾಲಿ ಬಿಟ್ಟು ಮಹಾನಂದಾ ವರದಿ ಬರೆದಳು. ಅಳಿಸಿಹೋದದ್ದು: ಗೋಡೆ ಹದಿನಾಲ್ಕು, ಬಾಗಿಲು ಐದು, ಕಿಟಕಿ ಏಳು.