ಹೊಸ ಕಾರ್ಡಿನಲ್ಲಿ ಯಜಮಾನರು

ತೀರಿಕೊಂಡವರು ಪರದೆಯಲ್ಲಿ ಇರುವುದು ಈಗ ಎಲ್ಲರ ಮನೆಯಲ್ಲೂ ಇದ್ದದ್ದೇ. ಪಿತೃಪಕ್ಷ ಬಂತೆಂದರೆ ಅವರ ಮುಖವನ್ನು ಪರದೆಯಲ್ಲಿ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

"ಇಷ್ಟು ದುಡ್ಡು ಸುರಿಯೋಕೆ ಈ ಹೊಸ ಕಾರ್ಡಲ್ಲಿ ಅಂಥದ್ದೇನಿದೆ?" ಎಂದು ವಾರಿಜಾ ಅಂಗಡಿಯ ಇಕ್ಬಾಲನನ್ನು ಕೇಳಿದಳು.

ಅವಳು ಮನೆಯಿಂದ ತಂದಿದ್ದ ಗಂಡನನ್ನು ಅವನು ಆ ದುಬಾರಿ ಕಾರ್ಡಿಗೆ ಹಾಕಿ ತೋರಿಸಿದ. ಆಸ್ಪತ್ರೆಯ ಕೊನೆಯ ವಾರದಲ್ಲಿ ಸೆರೆಹಿಡಿದ ಮುಖ. ಮನೆಯ ಅಗ್ಗದ ಕಾರ್ಡಿನಲ್ಲಿ ಅದೇ ಮುಖ ಗೆರೆಗಳೆಲ್ಲ ಅಳಿಸಿಹೋಗಿ ನುಣ್ಣಗೆ ನಗುತ್ತಿತ್ತು. ಇಲ್ಲಿ ದವಡೆ ಬಿಗಿದಿತ್ತು, ಹಣೆಯ ನರ ಉಬ್ಬಿತ್ತು. ಅವರು ನೋವು ತಡೆಯಲಾರದೆ ಹಲ್ಲು ಕಚ್ಚಿಕೊಂಡಿದ್ದರು.

ಇಕ್ಬಾಲ್ ಗಡಿಬಿಡಿಯಿಂದ ಪರದೆ ಆರಿಸಿದ. "ಬಿಡಿ ಅಕ್ಕಾ, ನಿಮಗೆ ಹಳೇದೇ ಸಾಕು."

"ಇಲ್ಲಪ್ಪಾ, ಇದನ್ನೇ ಕೊಡು," ಎಂದಳು ವಾರಿಜಾ. "ಇಷ್ಟು ವರ್ಷ ದಿನಾ ಬೆಳಿಗ್ಗೆ ಅವರೆದುರು ಕೂತು ನಾನೂ ನಗ್ತಾ ಇದ್ದೆ."