ಕಂಪ್ಯೂಟರಿನ ಹಣೆ

ಮಹದೇವು ಸ್ವಿಚ್ಚು ಒತ್ತಿದ. ಒಳಗೆ ಫ್ಯಾನು ಸರ್ರನೆ ತಿರುಗಿತು, ಮುಂದಿನ ದೀಪ ಹತ್ತಿತು, ಅಷ್ಟರಲ್ಲೇ ಎರಡೂ ಸತ್ತವು. ರ‍್ಯಾಮನ್ನು ಕಿತ್ತು, ಆ ಮೆಮೊರಿ ಪಟ್ಟಿಯ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ್ದು ಇದು ಮೂರನೇ ಸಲ.

"ರ‍್ಯಾಮ್ ಅಲ್ಲವೇನೋ ಕಣ್ರೀ," ಎಂದರು ಶಾಲಿನಿ, ಮೆಲ್ಲಗೆ.

ಅವನು ರಬ್ಬರಿನ ಪುಡಿ ಊದಿ ತೆಗೆದ. ಕಿವಿ ಕೆಂಪಾಗಿತ್ತು. ನಿನ್ನೆಯಿಡೀ ವಾಟ್ಸಾಪ್ ಗ್ರೂಪಿನಲ್ಲಿ ಬಡಿದಾಡಿದ್ದು ಈ ರ‍್ಯಾಮಿಗಾಗಿಯೇ. ವಿಜಯನಗರದ ಈ ಮನೆಯಲ್ಲಿ ಕೂತು ಡಿಟಿಪಿ ಮಾಡುವ ಶಾಲಿನಿ, 'ಕಂಪ್ಯೂಟರ್ ಆನ್ ಆದ ಕೂಡಲೇ ಆಫ್ ಆಗ್ತಿದೆ, ನಾಳೆ ಸಂಜೆಯೊಳಗೆ ಲಗ್ನಪತ್ರಿಕೆ ಪ್ರೆಸ್ಸಿಗೆ ಕೊಡಬೇಕು, ಯಾರಾದರೂ ಹೇಳಿ' ಎಂದು 'ಮೈಸೂರು ಕಂಪ್ಯೂಟರ್ ಬಳಗ'ಕ್ಕೆ ಹಾಕಿದ್ದರು. ನೂರಾ ನಲವತ್ತು ಉತ್ತರ ಬಂದವು. ಬಂದು ನೋಡುತ್ತೇನೆ ಎಂದವರು ಯಾರೂ ಇಲ್ಲ. ಸುಂದರೇಶ ಎಂಬ ಎಂಜಿನಿಯರು, ಮದರ್‌ಬೋರ್ಡು ಸುಟ್ಟಿದೆ, ಹೊಸದು ಹಾಕಿಸಿ ಎಂದು ತೀರ್ಪು ಕೊಟ್ಟರು. ಉದಯಗಿರಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮಹದೇವು, ಬೋರ್ಡಿಗೆ ಕೈ ಹಾಕಬೇಡಿ, ರ‍್ಯಾಮ್ ನೋಡಿ ಎಂದ.

'ತಾವು ಓದಿರೋದು ಎಷ್ಟನೇ ಕ್ಲಾಸು?' ಎಂದು ಸುಂದರೇಶ ಬರೆದರು. ಪಕ್ಕದಲ್ಲಿ ಮೂರು ನಗುವ ಮುಖ.

'ಎಂಟು. ಮಿಷಿನ್ನು ಮಾರ್ಕ್ಸ್ ಕಾರ್ಡು ಕೇಳಲ್ಲ ಸಾರ್. ರ‍್ಯಾಮೇ. ಅಲ್ದಿದ್ರೆ ಈ ಗ್ರೂಪಲ್ಲಿ ನಾನಿರಲ್ಲ.'

ಮುನ್ನೂರು ಜನರ ಮುಂದೆ ಹೇಳಿದ ಮಾತು. ಅವನ ಅರ್ಧ ಗಿರಾಕಿಗಳು ಆ ಗ್ರೂಪಿನಿಂದಲೇ ಬರುವವರು. ಬೆಳಿಗ್ಗೆ ಅಂಗಡಿ ಬಾಗಿಲೂ ತೆಗೆಯದೆ ನೇರ ಇಲ್ಲಿಗೆ ಬಂದಿದ್ದ.

ಮತ್ತೆ ಒತ್ತಿದ. ಈ ಸಲ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಆಫ್. ಇನ್ನೊಮ್ಮೆ ಒತ್ತಿದ. ನಾಲ್ಕಕ್ಕೇ ಆಫ್.

"ಕೆಟ್ಟೋಗಿರೋದು ಇಂಗೆ ಲೆಕ್ಕ ಇಟ್ಕಂಡು ಸಾಯಲ್ಲ ಮೇಡಂ. ಯಾರೋ ಸ್ವಿಚ್ಚು ಒತ್ತಿ ಹಿಡ್ಕಂಡಿದ್ರೆ ಮಾತ್ರ ಇಂಗಾಗೋದು."

ಕ್ಯಾಬಿನೆಟ್ಟಿನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ಮೊಬೈಲಿನ ಟಾರ್ಚು ಹಿಡಿದ. ಒತ್ತಿದ ಸ್ವಿಚ್ಚು ಒಳಗೇ ಕೂತಿತ್ತು. ನೋಡುತ್ತಿದ್ದಂತೆ, ನಿದ್ದೆಯಿಂದ ಏಳುವವನ ಹಾಗೆ, ನಿಧಾನಕ್ಕೆ ಹೊರಗೆ ಬಂತು. ಅದರ ಸುತ್ತಲಿನ ಸಂದಿಯಲ್ಲಿ ಒಣಗಿ ಗಟ್ಟಿಯಾದ ಗಂಧ, ಗಂಧದ ಮೇಲೆ ಕುಂಕುಮ.

"ಮೊನ್ನೆ ಆಯುಧಪೂಜೆ ಮಾಡಿದ್ದು ಯಾರು?"

ಬಾಗಿಲಲ್ಲಿ ನಿಂತಿದ್ದ ಶಾಲಿನಿಯ ಅತ್ತೆ ಚಲುವಮ್ಮ ಸೆರಗು ಎಳೆದುಕೊಂಡರು. "ನಾನೇ ಕಣಪ್ಪ. ಸ್ಕೂಟ್ರಿಗೆ, ಮಿಕ್ಸಿಗೆ, ಎಲ್ಲಕ್ಕೂ ಇಟ್ಟೆ. ಇದ್ರ ಹಣೆ ಎಲ್ಲೈತೆ ಅಂತ ನಂಗೇನು ಗೊತ್ತು? ಗುಂಡಗೆ ಇದೊಂದು ಕಾಣ್ತು. ಇಟ್ಬುಟ್ಟೆ."

ಶಾಲಿನಿಗೆ ನಗು ತಡೆಯಲಾಗಲಿಲ್ಲ. ಮಹದೇವು ನಗಲಿಲ್ಲ. ಬೋರ್ಡಿನಿಂದ ಸ್ವಿಚ್ಚಿನ ವೈರು ಕಿತ್ತು, ಅಲ್ಲಿದ್ದ ಎರಡು ಪಿನ್ನಿಗೆ, ಸ್ವಿಚ್ಚಿನ ಬದಲು, ಸ್ಕ್ರೂಡ್ರೈವರಿನ ತುದಿ ಒಂದು ಗಳಿಗೆ ತಾಗಿಸಿದ. ಫ್ಯಾನು ತಿರುಗಿತು. ನಾಲ್ಕು ದಾಟಿತು, ಹತ್ತು ದಾಟಿತು, ನಿಲ್ಲಲಿಲ್ಲ. ಪರದೆ ಬೆಳಗಿತು. ಶಾಲಿನಿ ಎದೆ ಮೇಲೆ ಕೈ ಇಟ್ಟುಕೊಂಡರು. ಸ್ವಿಚ್ಚಿನ ಸಂದಿಯನ್ನು ಹಳೇ ಬ್ರಷ್ಷಿನಿಂದ ತಿಕ್ಕಿ, ವೈರು ಸಿಕ್ಕಿಸಿ, ಅವನು ಎದ್ದ.

"ಗ್ರೂಪಲ್ಲಿ ರ‍್ಯಾಮ್ ಅಂತಲೇ ಹಾಕಿಬಿಡ್ತೀನಿ. ಯಾರು ಬಂದು ನೋಡ್ತಾರೆ? ಅತ್ತೆ ಮರ್ಯಾದೆನೂ ಉಳಿಯುತ್ತೆ," ಎಂದರು ಶಾಲಿನಿ.

"ಅಮ್ಮಾವ್ರ ಹೆಸರು ನಾನು ಎತ್ತಲ್ಲ ಬುಡಿ. ಆದ್ರೆ ರ‍್ಯಾಮ್ ಅನ್ಬೇಡಿ. ಸುಳ್ಳೇಳಿ ಗೆಲ್ಲೋ ದರ್ದು ನಂಗಿಲ್ಲ."

ಅವನೇ ಬರೆದ. 'ರ‍್ಯಾಮ್ ಅಲ್ಲ. ನಾನು ಹೇಳಿದ್ದು ತಪ್ಪು. ಬೋರ್ಡೂ ಅಲ್ಲ. ಸ್ವಿಚ್ಚು ಅಂಟಿಕೊಂಡಿತ್ತು. ಸರಿ ಮಾಡಿದ್ದೀನಿ. ಮಾತಿನಂತೆ ಹೋಗ್ತಿದ್ದೀನಿ.' ಕಳಿಸಿದ. ಗ್ರೂಪಿನಿಂದ ಹೊರಗೆ ಬಂದ. ಫೋನು ಜೇಬಿಗಿಳಿಸಿದ.

ಶಾಲಿನಿಯ ಫೋನು ಸದ್ದು ಮಾಡಿತು. ಅವರು ಗಟ್ಟಿಯಾಗಿ ಓದಿದರು. "ಸುಂದರೇಶ ಹಾಕಿದ್ದಾರೆ. 'ಸ್ವಿಚ್ಚಿನ ವೈರು ಹೋಗುವುದು ಮದರ್‌ಬೋರ್ಡಿಗೇ. ಅಂದಮೇಲೆ ನಾನು ಹೇಳಿದ್ದೇ ಸರಿಯಾಯಿತು.' ಆಗಲೇ ಇಪ್ಪತ್ತು ಜನ ಹೆಬ್ಬೆಟ್ಟು ಒತ್ತಿದ್ದಾರೆ."

ಮಹದೇವು ಕ್ಯಾಬಿನೆಟ್ಟಿನ ಕೊನೆಯ ಸ್ಕ್ರೂ ಬಿಗಿಯುತ್ತಿದ್ದ. ಒಂದು ಸುತ್ತು ಹೆಚ್ಚಾಗಿಯೇ ಬಿಗಿದ.

"ಆವಯ್ಯ ಇಲ್ಲಿಗೆ ಬಂದಿದ್ನಾ?" ಎಂದು ಚಲುವಮ್ಮ ಕೇಳಿದರು. "ನಾ ನೋಡ್ಲೇ ಇಲ್ಲವಲ್ಲ!"

ಫೋನು ಮತ್ತೆ ಸದ್ದು ಮಾಡಿತು. ಈ ಸಲ ಗ್ರೂಪಿಗಲ್ಲ, ಶಾಲಿನಿಯೊಬ್ಬರಿಗೇ ಬಂದದ್ದು. ಅದೇ ಸುಂದರೇಶ. ಓದುತ್ತ ಅವರ ಹುಬ್ಬು ಮೇಲೇರಿತು. "'ಆ ಹುಡುಗನ ನಂಬರ್ ಸ್ವಲ್ಪ ಕಳಿಸಿ ಮೇಡಂ. ನಮ್ಮನೆ ಸಿಸ್ಟಮ್ಮೂ ಹದಿನೈದು ದಿನದಿಂದ ಆನ್ ಆಗ್ತಿಲ್ಲ. ಗ್ರೂಪಲ್ಲಿ ಹೇಳಬೇಡಿ.' ಕೊಡ್ಲೇನ್ರೀ?"

ಮಹದೇವು ಚೀಲ ಹೆಗಲಿಗೇರಿಸಿದ.

"ಕೊಡಿ ಮೇಡಂ. ಇವತ್ತೇ ಬರ್ತಾನೆ ಅಂತ್ಲೂ ಹೇಳಿ. ಆದ್ರೆ ಇದೇ ಮಾತ್ನ ಗ್ರೂಪಲ್ಲಿ, ಎಲ್ರ ಮುಂದೆ ಕೇಳ್ಲಿ."

ಶಾಲಿನಿ ಹಾಗೆಯೇ ಬರೆದು ಕಳಿಸಿದರು. ಅತ್ತೆ ಸೊಸೆ ಇಬ್ಬರೂ ಫೋನಿನ ಮೇಲೆ ಬಗ್ಗಿದರು. ಮಹದೇವು ಬಗ್ಗಲಿಲ್ಲ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತ. ಸುಂದರೇಶರ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಬಂತು. ಹೋಯಿತು. ಮತ್ತೆ ಬಂತು. ಹೋಯಿತು.